ಸಿಡಿಲಿನ ಗದ್ದಲದಲ್ಲಿ ಹ್ಯಾಮ್ ರೇಡಿಯೊ ಕೇಳುವುದು ಹೇಗೆ?

ಇವತ್ತಿನ ಸಂಚಿಕೆಯನ್ನ ಮಾತಿನಿಂದಲ್ಲ, ಒಂದು ಸದ್ದಿನಿಂದ ಶುರು ಮಾಡ್ತೀನಿ. ಇಯರ್‌ಫೋನ್ ಹಾಕಿಕೊಂಡಿರೋರು ದಯವಿಟ್ಟು ವಾಲ್ಯೂಮ್ ಸ್ವಲ್ಪ ಇಳಿಸಿಕೊಳ್ಳಿ.

(ರೇಡಿಯೊದ ಚಟಚಟ ಸದ್ದು, 15 ಸೆಕೆಂಡು)

ಕೇಳಿಸ್ತಾ? ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಚಟ. ನಡುನಡುವೆ ಯಾರೋ ತಗಡಿನ ಶೀಟನ್ನ ಅಂಗಳದಲ್ಲಿ ಎಳ್ಕೊಂಡು ಹೋದ ಹಾಗೆ ದೊಡ್ಡ ಕರ್ರ್ ಅನ್ನೋ ಶಬ್ದ. ಈ ಗದ್ದಲದ ಒಳಗೆ ಒಬ್ಬರು ಮೋರ್ಸ್ ಕೋಡಿನಲ್ಲಿ ತಮ್ಮ ಕಾಲ್‌ಸೈನ್ ಹೇಳ್ತಾ ಇದ್ದಾರೆ. ನಂಬಿಕೆ ಬರಲ್ಲ ಅಲ್ವಾ? ಇನ್ನೊಂದು ಸಲ ಹಾಕ್ತೀನಿ. ಈ ಸಲ ಚಟಚಟ ಬಿಟ್ಟು, ಅದರ ಹಿಂದಿರೋ ತೆಳ್ಳನೆ ಸಿಳ್ಳನ್ನ ಹುಡುಕಿ.

(ಅದೇ ತುಣುಕು ಮತ್ತೊಮ್ಮೆ)

ಸಿಕ್ಕದಿದ್ದರೆ ಬೇಜಾರು ಮಾಡ್ಕೋಬೇಡಿ. ಅವತ್ತು ನನಗೂ ಸಿಕ್ಕಿರಲಿಲ್ಲ.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು. ಅಡಿಕೆ ತೋಟ ಇದೆ. ಇಪ್ಪತ್ತೆರಡು ವರ್ಷದಿಂದ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೊದವನು, ಅಂದ್ರೆ ಹ್ಯಾಮ್. ನನಗೆ ಈ ಹುಚ್ಚು ಹಿಡಿಸಿದವರು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅವರು ನಿವೃತ್ತಿ ಆದಮೇಲೆ ಘಟ್ಟದ ಕೆಳಗಿನ ತಮ್ಮ ಊರಿಗೆ ಹೋಗಿ ನೆಲೆಸಿದ್ದಾರೆ. ನೇರ ಅಳೆದರೆ ನಮ್ಮ ಮನೆಗೂ ಅವರ ಮನೆಗೂ ಐವತ್ತು ಕಿಲೋಮೀಟರ್ ಆಗಬಹುದು. ನಡುವೆ ಸಹ್ಯಾದ್ರಿ. ಅವರ ಹತ್ತಿರ ಇರೋದು ಕೈಯಾರೆ ಕಟ್ಟಿದ ಐದು ವ್ಯಾಟಿನ ಒಂದು ಸೆಟ್ಟು, ಬೈಕಿನ ಬ್ಯಾಟರಿ, ಒಂದು ಮೋರ್ಸ್ ಕೀ. ನನ್ನ ಹತ್ತಿರ ನೂರು ವ್ಯಾಟಿನ ಅಂಗಡಿ ಸೆಟ್ಟು. ನಾವಿಬ್ಬರೂ ವಾರದಲ್ಲಿ ಎರಡು ಮೂರು ಸಂಜೆ 80 ಮೀಟರ್ ಬ್ಯಾಂಡಿನಲ್ಲಿ, ಅಂದ್ರೆ 3.5 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮಾತಾಡ್ತೀವಿ.

ಕೆಲವು ವರ್ಷದ ಹಿಂದೆ, ಭರಣಿ ಮಳೆಯ ಒಂದು ಸಂಜೆ. ಘಟ್ಟದಲ್ಲಿ ಗಾಳಿಮಳೆ ಹೊಡೆದು ರಸ್ತೆ ಮೇಲೆ ಮರಗಳು ಬಿದ್ದಿದ್ದವು. ಕೆಳಗಿನ ಊರುಗಳಲ್ಲಿ ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ರಾತ್ರಿ ಎಂಟು ಗಂಟೆ ಸುಮಾರಿಗೆ ನನ್ನ ರೇಡಿಯೊದಲ್ಲಿ ಮೇಷ್ಟ್ರ ಕಾಲ್‌ಸೈನಿನ ಕೊನೆಯ ಎರಡಕ್ಷರ ಕೇಳಿಸಿತು. ಆಮೇಲೆ 'ಘಾಟ್' ಅನ್ನೋ ಪದ. ಆಮೇಲೆ ಬರೀ ಸಿಡಿಲು. 'ಮತ್ತೆ ಹೇಳಿ' ಅಂತ ಕಳಿಸಿದೆ. ಅವರು ಮತ್ತೆ ಹೇಳಿದರು, ನನಗೆ ಮೂರಕ್ಷರ ಸಿಕ್ಕಿತು. ಹೀಗೆ ನಾಲ್ಕು ಸಲ. ಅವರಿಗೆ ನಾನು ಚೆನ್ನಾಗಿ ಕೇಳ್ತಾ ಇದ್ದೀನಿ. ನನಗೆ ಅವರು ಕೇಳ್ತಾ ಇಲ್ಲ. ಆ ಹೊತ್ತಿಗೆ ಹೈದರಾಬಾದಿನ ಒಬ್ಬ ಹ್ಯಾಮ್ ನಡುವೆ ಬಂದು, 'ನಿಮ್ಮ ಮಿತ್ರರ ಸಂದೇಶ ನನಗೆ ಪೂರ್ತಿ ಸಿಕ್ಕಿದೆ, ಬರೆದುಕೊಳ್ಳಿ' ಅಂದರು. ಸಂದೇಶ ಇಷ್ಟೇ: ಘಾಟಿ ಬಂದ್ ಆಗಿದೆ, ಮರ ಬೀಳ್ತಾನೇ ಇವೆ, ಮಗನಿಗೆ ಫೋನ್ ಮಾಡಿ ಇವತ್ತು ಬೆಂಗಳೂರು ಬಿಡಬೇಡ ಅಂತ ಹೇಳು.

ಮಗ ಹತ್ತು ಗಂಟೆಗೆ ಕಾರಿನಲ್ಲಿ ಹೊರಡೋನಿದ್ದ, ಹೆಂಡತಿ ಮತ್ತು ಸಣ್ಣ ಮಗುವಿನ ಜೊತೆ. ನಮ್ಮ ಮನೆ ಲ್ಯಾಂಡ್‌ಲೈನ್ ಪುಣ್ಯಕ್ಕೆ ಬದುಕಿತ್ತು, ಹೇಳಿದೆ, ಅವನು ನಿಂತ. ಐದು ವ್ಯಾಟಿನ ಆ ದನಿ ಐನೂರು ಕಿಲೋಮೀಟರ್ ದೂರದ ಹೈದರಾಬಾದಿಗೆ ಕೇಳಿಸ್ತು, ಐವತ್ತು ಕಿಲೋಮೀಟರ್ ದೂರದ ನನಗೆ ಕೇಳಿಸಲಿಲ್ಲ. ಒಂದು ವಾರದ ನಂತರ ಮೇಷ್ಟ್ರು ಫೋನಿನಲ್ಲಿ ಸಿಕ್ಕಾಗ ಕೇಳಿದ್ದು ಒಂದೇ ಮಾತು: "ನಿಂಗೆ ಕಿವಿ ಕೇಳ್ಸಲ್ವೇನೋ ಮಾರಾಯ?"

ಆ ಮಾತು ಚುಚ್ಚಿತು. ಅಲ್ಲಿಂದ ಮುಂದೆ ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಕಿವಿ ರಿಪೇರಿ. ಅದರ ಕತೆಯನ್ನೇ ಇವತ್ತು ಹೇಳ್ತಿರೋದು.

ಮೊದಲು ಈ ಸದ್ದು ಎಲ್ಲಿಂದ ಬರುತ್ತೆ ಅಂತ ನೋಡೋಣ. ಪ್ರತಿಯೊಂದು ಮಿಂಚೂ ಒಂದು ರೇಡಿಯೊ ಟ್ರಾನ್ಸ್‌ಮಿಟರ್. ಅದರ ಶಕ್ತಿ ಅತಿ ಹೆಚ್ಚು ಇರೋದು ಐದು ಹತ್ತು ಕಿಲೋಹರ್ಟ್ಸ್‌ನಷ್ಟು ತಗ್ಗಿನ ಆವರ್ತನದಲ್ಲಿ. ಮೇಲೆ ಹೋದಂತೆ ಕಡಿಮೆ ಆಗ್ತಾ ಹೋಗುತ್ತೆ. ಅದಕ್ಕೇ ಎಫ್‌ಎಂ ರೇಡಿಯೊದಲ್ಲಿ ಸಿಡಿಲು ನಿಮಗೆ ಅಷ್ಟು ಗೊತ್ತಾಗಲ್ಲ, ಮೀಡಿಯಂ ವೇವ್‌ನಲ್ಲಿ ಗೊತ್ತಾಗುತ್ತೆ. ಹ್ಯಾಮ್‌ಗಳಿಗೆ ಇರೋ 1.8, 3.5, 7 ಮೆಗಾಹರ್ಟ್ಸ್ ಬ್ಯಾಂಡುಗಳನ್ನ ನಾವು ಲೋ ಬ್ಯಾಂಡ್ ಅಂತೀವಿ. ಸಿಡಿಲಿನ ಕಾಟ ಇಲ್ಲೇ ಜಾಸ್ತಿ. ಇನ್ನೊಂದು ತಮಾಷೆ ಕೇಳಿ. ರಷ್ಯಾದ ಅಲೆಕ್ಸಾಂಡರ್ ಪೊಪೊವ್ 1895ರಲ್ಲಿ ತೋರಿಸಿದ ರಿಸೀವರನ್ನ ಬಳಸಿದ್ದೇ ದೂರದ ಗುಡುಗು ಮಳೆ ಪತ್ತೆ ಮಾಡೋಕೆ. ಅಂದ್ರೆ ರೇಡಿಯೊ ಹುಟ್ಟಿದ ಹೊಸದರಲ್ಲೇ ಸಿಡಿಲನ್ನ ಕೇಳಿತ್ತು, ಮನುಷ್ಯರ ಮಾತು ಕೇಳಿದ್ದು ಆಮೇಲೆ.

ಭೂಮಿಯ ಮೇಲೆ ಒಂದು ಸೆಕೆಂಡಿಗೆ ಸರಾಸರಿ ನಲವತ್ತೈದರ ಆಸುಪಾಸು ಮಿಂಚು ಹೊಡೆಯುತ್ತೆ ಅಂತ ಉಪಗ್ರಹದ ಅಳತೆಗಳು ಹೇಳ್ತವೆ. ಹಗಲಲ್ಲಿ ಅವುಗಳಲ್ಲಿ ಹತ್ತಿರದವು ಮಾತ್ರ ನಮಗೆ ಕೇಳಿಸ್ತವೆ. ಯಾಕಂದ್ರೆ ಬಿಸಿಲಿರುವಾಗ ವಾತಾವರಣದ ಮೇಲ್ಭಾಗದಲ್ಲಿ ಡಿ ಪದರ ಅನ್ನೋದು ಹುಟ್ಟಿಕೊಂಡು ಲೋ ಬ್ಯಾಂಡಿನ ಅಲೆಗಳನ್ನ ನುಂಗಿಬಿಡುತ್ತೆ. ಸಂಜೆ ಆ ಪದರ ಕರಗುತ್ತೆ. ಆಗ ದೂರದ ಹ್ಯಾಮ್‌ಗಳ ದನಿ ಬರೋ ಹಾಗೇ ಸುಮಾತ್ರಾದ ಸಿಡಿಲೂ ಬರುತ್ತೆ, ಆಫ್ರಿಕಾದ ಸಿಡಿಲೂ ಬರುತ್ತೆ. ಎರಡಕ್ಕೂ ಬಾಗಿಲು ಒಂದೇ.

ನಮ್ಮ ಕಡೆ ಇದಕ್ಕೆ ಪಂಚಾಂಗವೇ ಕ್ಯಾಲೆಂಡರ್. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಅಂದ್ರೆ ಏಪ್ರಿಲ್ ಮಧ್ಯದಿಂದ ಜೂನ್ ಮೊದಲ ವಾರದ ತನಕ, ಸಂಜೆ ಆದರೆ ರೇಡಿಯೊ ಹಾಕೋದೇ ಬೇಡ ಅನ್ನಿಸುತ್ತೆ. ಮುಂಗಾರು ಚೆನ್ನಾಗಿ ಹಿಡಿದುಕೊಂಡ ಮೇಲೆ ಮಾತ್ರ ಆಶ್ಚರ್ಯ. ಜುಲೈನಲ್ಲಿ ಮಲೆನಾಡಿನಲ್ಲಿ ಹಗಲು ರಾತ್ರಿ ಮಳೆ, ಆದರೆ ಗುಡುಗು ಕಡಿಮೆ, ಹತ್ತಿರದ ಸದ್ದೂ ಕಡಿಮೆ. ಮಳೆ ಜಾಸ್ತಿ ಆದಷ್ಟೂ ಗದ್ದಲ ಜಾಸ್ತಿ ಅಂತಲ್ಲ. ಮತ್ತೆ ಚಿತ್ತೆ, ಸ್ವಾತಿ ಹೊತ್ತಿಗೆ, ಹಿಂಗಾರಿನಲ್ಲಿ, ಗುಡುಗು ವಾಪಸ್ ಬರುತ್ತೆ. ಡಿಸೆಂಬರ್, ಜನವರಿ ನಮಗೆ ಹಬ್ಬ.

ದಿನದೊಳಗೂ ಒಂದು ಲೆಕ್ಕ ಇದೆ. ನಮ್ಮ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರ ಎದ್ದು ರಾತ್ರಿ ಹೊತ್ತಿಗೆ ಇಳಿಯುತ್ತೆ. ಬೆಳಗಿನ ಜಾವ ಆಕಾಶ ಶಾಂತ. ಅದರ ಮೇಲೆ, ನಮಗೆ ಸೂರ್ಯೋದಯ ಆಗೋ ಹೊತ್ತಿಗೆ ಪೂರ್ವದ ಕಡೆ ಆಗಲೇ ಬೆಳಕಾಗಿರುತ್ತೆ, ಆ ದಿಕ್ಕಿನ ಸಿಡಿಲನ್ನೆಲ್ಲ ಡಿ ಪದರ ನುಂಗಿರುತ್ತೆ. ಪಶ್ಚಿಮದ ಕಡೆ ಇನ್ನೂ ಕತ್ತಲು, ಅತ್ತ ಕಡೆಯ ದನಿಗಳು ಬರ್ತಾನೇ ಇರ್ತವೆ. ಹಳೇ ಹ್ಯಾಮ್‌ಗಳು ಬೆಳಿಗ್ಗೆ ಆರಕ್ಕೆ ಎದ್ದು ಕೂರೋದು ಶಿಸ್ತಿಗಲ್ಲ, ಇದಕ್ಕೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಎಸ್.ವಿ. ಚಂದ್ರಶೇಖರ ಅಯ್ಯ 1950ರ ದಶಕದಲ್ಲೇ ಉಷ್ಣವಲಯದ ಗುಡುಗು ಮಳೆ ರೇಡಿಯೊ ಪ್ರಸಾರಕ್ಕೆ ಎಷ್ಟು ಅಡ್ಡಿ ಮಾಡುತ್ತೆ ಅಂತ ಅಳೆದು ಬರೆದವರು. ಇಡೀ ಜಗತ್ತಿನ ವಾತಾವರಣದ ರೇಡಿಯೊ ಸದ್ದಿನ ನಕ್ಷೆಗಳೂ ಇವೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ್ದು. ವರ್ಷಕ್ಕೆ ನಾಲ್ಕು ಋತು, ದಿನಕ್ಕೆ ನಾಲ್ಕು ನಾಲ್ಕು ಗಂಟೆಯ ಆರು ಭಾಗ, ಒಂದೊಂದಕ್ಕೂ ಒಂದೊಂದು ನಕ್ಷೆ. ಅದರ ಅಳತೆಗೆ ಜಗತ್ತಿನಾದ್ಯಂತ ಇಟ್ಟಿದ್ದ ಕೇಂದ್ರಗಳಲ್ಲಿ ದೆಹಲಿಯೂ ಒಂದು. ನಾವು ಪಂಚಾಂಗದಲ್ಲಿ ಹೇಳಿಕೊಳ್ಳೋದನ್ನ ಅವರು ಡೆಸಿಬೆಲ್‌ನಲ್ಲಿ ಬರೆದಿದ್ದಾರೆ, ಅಷ್ಟೆ.

ಸರಿ, ಈಗ ರಿಪೇರಿ. ಮೇಷ್ಟ್ರ ಮಾತು ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಪೂರಾ ತಪ್ಪು. ಒಂದು ಪ್ರೀಆಂಪ್ಲಿಫಯರ್ ಕಟ್ಟಿದೆ. ದನಿ ಸಣ್ಣದಿದೆ, ದೊಡ್ಡದು ಮಾಡೋಣ ಅಂತ. ದನಿ ದೊಡ್ಡದಾಯ್ತು, ಸಿಡಿಲೂ ಅಷ್ಟೇ ದೊಡ್ಡದಾಯ್ತು. ಸಂತೆಯಲ್ಲಿ ಪಕ್ಕದವನ ಮಾತು ಕೇಳಿಸಲ್ಲ ಅಂತ ಇಡೀ ಸಂತೆಗೇ ಮೈಕ್ ಹಿಡಿದ ಹಾಗೆ.

ನಿಮ್ಮ ರಿಸೀವರಿಗೆ ಪ್ರೀಆಂಪ್ ಬೇಕೋ ಬೇಡವೋ ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ಆಂಟೆನಾದ ಪ್ಲಗ್ ಕಿತ್ತುಬಿಡಿ. ಸದ್ದು ಧಡಕ್ಕನೆ ಇಳಿದರೆ, ನಿಮಗೆ ಕೇಳ್ತಿದ್ದ ಗದ್ದಲವೆಲ್ಲ ಹೊರಗಿನಿಂದ ಬಂದದ್ದು, ರಿಸೀವರಿನ ಒಳಗಿನದಲ್ಲ ಅಂತ ಅರ್ಥ. 80 ಮೀಟರಿನಲ್ಲಿ ರಾತ್ರಿ ಹೊತ್ತು ಇದು ಯಾವಾಗಲೂ ಹೀಗೇ. ಹಾಗಿದ್ದಾಗ ಪ್ರೀಆಂಪ್ ಆಫ್ ಮಾಡಿ, ಬದಲಿಗೆ ಅಟೆನ್ಯುಯೇಟರ್ ಆನ್ ಮಾಡಿ. ಹತ್ತು ಇಪ್ಪತ್ತು ಡೆಸಿಬೆಲ್ ಇಳಿಸಿದರೂ ನೀವು ಕಳ್ಕೊಳ್ಳೋದು ಏನೂ ಇಲ್ಲ. ಲೋ ಬ್ಯಾಂಡಿನಲ್ಲಿ ಬೇಕಾಗಿರೋದು ದೊಡ್ಡ ದನಿಯಲ್ಲ. ದನಿಗೂ ಗದ್ದಲಕ್ಕೂ ನಡುವಿನ ಅಂತರ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಆರು ತಿಂಗಳು ಹಿಡೀತು.

ಎರಡನೇ ಸಮಸ್ಯೆ ಎಜಿಸಿ, ಅಂದ್ರೆ ರಿಸೀವರ್ ತಾನೇ ತಾನಾಗಿ ವಾಲ್ಯೂಮ್ ಸರಿಮಾಡಿಕೊಳ್ಳೋ ಏರ್ಪಾಡು. ಸಾಮಾನ್ಯ ದಿನ ಇದು ಒಳ್ಳೆಯದೇ. ಸಿಡಿಲಿನ ದಿನ ಏನಾಗುತ್ತೆ? ಒಂದು ಹೊಡೆತ ಬರುತ್ತೆ, ರಿಸೀವರ್ ಹೆದರಿ ತನ್ನ ಕಿವಿ ಮುಚ್ಚಿಕೊಳ್ಳುತ್ತೆ, ಮತ್ತೆ ತೆರೆಯೋಕೆ ಅರ್ಧದಿಂದ ಒಂದು ಸೆಕೆಂಡು. ಅಷ್ಟರಲ್ಲಿ ಮೋರ್ಸ್‌ನ ಒಂದೆರಡು ಅಕ್ಷರ ಹೋಯ್ತು. ಆಮೇಲೆ ಇನ್ನೊಂದು ಹೊಡೆತ. ಅವತ್ತಿನ ಸಂಜೆಯ ಧ್ವನಿಮುದ್ರಣವನ್ನ ಆಮೇಲೆ ಕೂತು ಕೇಳಿದಾಗ ನನಗೆ ಹೊಳೆದದ್ದು, ಮೇಷ್ಟ್ರ ಅಕ್ಷರಗಳನ್ನ ಸಿಡಿಲು ಕದ್ದದ್ದಕ್ಕಿಂತ ಜಾಸ್ತಿ ನನ್ನ ಎಜಿಸಿಯೇ ಕದ್ದಿತ್ತು. ಈಗ ಅಂಥ ದಿನ ಎಜಿಸಿ ಆಫ್ ಮಾಡಿ, ಆರ್‌ಎಫ್ ಗೇನ್ ಗುಬ್ಬಿಯನ್ನ ಕೈಯಲ್ಲೇ ಇಳಿಸಿಟ್ಟು ಕೇಳ್ತೀನಿ.

ಎಜಿಸಿ ಆಫ್ ಮಾಡಿದರೆ ಹೊಡೆತ ನೇರ ಕಿವಿಗೆ ಬೀಳುತ್ತೆ, ಹುಷಾರು. ಅದಕ್ಕೆ ಎರಡು ಡಯೋಡು ಬೇಕು. 1ಎನ್4148 ಅಂತ, ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತೆ, ಒಂದೆರಡು ರೂಪಾಯಿ. ಹೆಡ್‌ಫೋನಿನ ತಂತಿಗೆ ಅಡ್ಡಲಾಗಿ, ಒಂದು ಈ ಮುಖ ಒಂದು ಆ ಮುಖ ಮಾಡಿ ಬೆಸುಗೆ ಹಾಕಿ, ಮುಂಚೆ ಒಂದು ಸಣ್ಣ ರೆಸಿಸ್ಟರ್ ಸರಣಿಯಲ್ಲಿಡಿ. ಸುಮಾರು 0.6 ವೋಲ್ಟ್ ದಾಟಿದ್ದನ್ನೆಲ್ಲ ಡಯೋಡು ಕತ್ತರಿಸಿ ಹಾಕುತ್ತೆ. ಸಿಡಿಲು ಹೋಗಲ್ಲ, ಆದರೆ ದನಿಗಿಂತ ನೂರು ಪಟ್ಟು ದೊಡ್ಡದಿದ್ದದ್ದು ಎರಡು ಮೂರು ಪಟ್ಟಿಗೆ ಇಳಿಯುತ್ತೆ. ಉಳಿದದ್ದನ್ನ ಕಿವಿಯೂ ಮೆದುಳೂ ನೋಡಿಕೊಳ್ತವೆ. ಈ ಎರಡು ಡಯೋಡಿನ ಮುಂದೆ ನನ್ನ ಸೆಟ್ಟಿನ ಎಷ್ಟೋ ದುಬಾರಿ ಗುಂಡಿಗಳು ಸೋತವು.

ಇನ್ನು ಫಿಲ್ಟರ್. ಮೋರ್ಸ್‌ಗೆ ಕಿರಿದಾದ ಫಿಲ್ಟರ್ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಒಂದೇ ಸಮ ಬರೋ ಸುಯ್ ಅನ್ನೋ ಸದ್ದಿಗೆ ಅದು ಸರಿ. 2400 ಹರ್ಟ್ಸ್‌ನ ಕಿಟಕಿಯನ್ನ 240ಕ್ಕೆ ಇಳಿಸಿದರೆ ಗದ್ದಲ ಹತ್ತು ಡೆಸಿಬೆಲ್ ಇಳಿಯುತ್ತೆ. ಸಿಡಿಲಿಗೆ ಮಾತ್ರ ಬೇರೆ ಲೆಕ್ಕ. ಹಲಗೆಗೆ ಹೊಡೆದರೆ ಟಪ್ ಅಂತ ನಿಲ್ಲುತ್ತೆ, ದೇವಸ್ಥಾನದ ಗಂಟೆಗೆ ಹೊಡೆದರೆ ಢಣ್ ಅಂತ ಎಳೆಯುತ್ತೆ ಅಲ್ವಾ? ಕಿರಿದಾದ ಫಿಲ್ಟರ್ ಅನ್ನೋದು ಗಂಟೆ ಇದ್ದ ಹಾಗೆ. ಸಿಡಿಲಿನ ಚಿಕ್ಕ ಹೊಡೆತವನ್ನ ಅದು ಉದ್ದ ಮಾಡುತ್ತೆ, ಅದೂ ನೀವು ಕೇಳ್ತಿರೋ ಸ್ವರದಲ್ಲೇ. ಹಾಗಾಗಿ ಹೊಡೆತವನ್ನ ಕತ್ತರಿಸೋ ಕೆಲಸ ಫಿಲ್ಟರಿಗಿಂತ ಮುಂಚೆಯೇ ಆದರೆ ಒಳ್ಳೆಯದು. ಸೆಟ್ಟಿನೊಳಗೆ ಹಾಗೆ ಮಾಡೋ ಅನುಕೂಲ ಇಲ್ಲದಿದ್ದರೆ, ಫಿಲ್ಟರನ್ನ ತೀರಾ ಕಿರಿದು ಮಾಡಬೇಡಿ. ನನಗೆ ಸಿಡಿಲಿನ ದಿನ ಐನೂರು ಹರ್ಟ್ಸ್ ಹಿತ.

ನಾಯ್ಸ್ ಬ್ಲಾಂಕರ್ ಗುಂಡಿ ಬಗ್ಗೆ ಬಹಳ ಜನ ಕೇಳ್ತಾರೆ. ನಮ್ಮ ಕಡೆ ತೋಟಕ್ಕೆ ಹಾಕೋ ಸೋಲಾರ್ ಬೇಲಿ ಇದೆಯಲ್ಲ, ಸೆಕೆಂಡಿಗೊಂದು ಸಲ ಟಿಕ್ ಟಿಕ್ ಅನ್ನುತ್ತೆ, ಅದಕ್ಕೆ ಬ್ಲಾಂಕರ್ ರಾಮಬಾಣ. ಯಾಕಂದ್ರೆ ಆ ಟಿಕ್ ಬಹಳ ಚಿಕ್ಕದು, ಆ ಕ್ಷಣ ಮಾತ್ರ ಬಾಗಿಲು ಮುಚ್ಚಿದರೆ ಸಾಕು. ಮಿಂಚು ಹಾಗಲ್ಲ. ಒಂದು ಮಿಂಚಿನಲ್ಲಿ ಮೂರೋ ನಾಲ್ಕೋ ಹೊಡೆತ ಒಂದರ ಹಿಂದೊಂದು ಬರ್ತವೆ, ಎಲ್ಲ ಸೇರಿ ಕಾಲು ಸೆಕೆಂಡಿನಷ್ಟು ಉದ್ದ. ಅಷ್ಟು ಹೊತ್ತು ಬಾಗಿಲು ಮುಚ್ಚಿದರೆ ಒಳಗೆ ಬರಬೇಕಾದ ಅತಿಥಿಯೂ ಹೊರಗೇ ಉಳಿಯುತ್ತಾನೆ.

ಇಷ್ಟು ಮಾಡಿದಾಗ ಅರ್ಧ ಗೆದ್ದೆ. ಉಳಿದರ್ಧ ಆಂಟೆನಾದ್ದು. ಇಲ್ಲೇ ನಾನು ಎರಡನೇ ಸಲ ಮುಗ್ಗರಿಸಿದ್ದು.

ಇದಕ್ಕೆ ನಿಮ್ಮ ಮನೆಯಲ್ಲೇ ಒಂದು ಪ್ರಯೋಗ. ಹಳೇ ಟ್ರಾನ್ಸಿಸ್ಟರ್ ಇದ್ದರೆ ಹಗಲು ಹೊತ್ತಿನಲ್ಲಿ ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಹಾಕಿ. ರೇಡಿಯೊವನ್ನ ಮೇಜಿನ ಮೇಲೆ ನಿಧಾನ ತಿರುಗಿಸಿ. ಒಂದು ಕಡೆ ಬಂದಾಗ ದನಿ ಪೂರ್ತಿ ಕುಸಿಯುತ್ತೆ. ಒಳಗೆ ಒಂದು ಕರೀ ಫೆರೈಟ್ ಕಡ್ಡಿ ಇದೆ, ಅದರ ತುದಿ ಈಗ ಸ್ಟೇಷನ್ನಿನ ದಿಕ್ಕನ್ನ ತೋರಿಸ್ತಾ ಇದೆ. ಅಂದ್ರೆ ಆ ದಿಕ್ಕಿಗೆ ಅದು ಕಿವುಡು. ಇದೇ ಲೂಪ್ ಆಂಟೆನಾದ ಗುಟ್ಟು. ಸಿಡಿಲು ಒಂದೇ ದಿಕ್ಕಿನಿಂದ, ದೂರದಿಂದ ಬರ್ತಿದ್ದರೆ, ಒಂದು ಮೀಟರಿನ ತಂತಿ ಬಳೆಯನ್ನ ತಿರುಗಿಸಿ ಆ ದಿಕ್ಕನ್ನ ಕಿವುಡು ಮಾಡಬಹುದು. ರಾತ್ರಿ ಹೊತ್ತು ಅಲೆಗಳು ಮೇಲಿನಿಂದಲೂ ಬರೋದರಿಂದ ಆ ಕಿವುಡು ಅಷ್ಟು ಗಾಢ ಆಗಿರಲ್ಲ, ಅದು ನಿಜ.

ಇನ್ನೊಂದು ದಾರಿ ಬೆವರೇಜ್ ಆಂಟೆನಾ. ಕುಡಿಯೋ ಬೆವರೇಜ್ ಅಲ್ಲ, ಹೆರಾಲ್ಡ್ ಬೆವರೇಜ್ ಅನ್ನೋ ಅಮೆರಿಕನ್ ಎಂಜಿನಿಯರ್ ಹೆಸರು. ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ನೂರಾರು ಅಡಿ ಉದ್ದದ ತಂತಿ, ದೂರದ ತುದಿಯಲ್ಲಿ ಒಂದು ರೆಸಿಸ್ಟರ್ ಹಾಕಿ ನೆಲಕ್ಕೆ ಅರ್ತ್ ಮಾಡೋದು. ತಂತಿ ಆ ತುದಿಯ ದಿಕ್ಕಿನಿಂದ ಬಂದದ್ದನ್ನ ಕೇಳುತ್ತೆ, ಹಿಂದಿನಿಂದ ಬಂದದ್ದನ್ನ ಆ ರೆಸಿಸ್ಟರ್ ಸುಟ್ಟು ಹಾಕುತ್ತೆ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಅನ್ನೋ ಅಮೆರಿಕದ ಹ್ಯಾಮ್ ಸ್ಕಾಟ್ಲೆಂಡಿನ ಆರ್ಡ್ರೊಸನ್ ಕಡಲತೀರದಲ್ಲಿ, ಚಳಿ ಮಳೆಯಲ್ಲಿ ಡೇರೆ ಹಾಕಿ ಕೂತು, ಇಂಥದ್ದೇ ತಂತಿಯಲ್ಲಿ ಅಟ್ಲಾಂಟಿಕ್ ಆಚೆಯ ಹವ್ಯಾಸಿಗಳ ಸಂಕೇತ ಹಿಡಿದ. 200 ಮೀಟರ್ ಆಸುಪಾಸಿನ ತರಂಗದಲ್ಲಿ.

ನನಗೆ ಅಡಿಕೆ ತೋಟ ಇದೆಯಲ್ಲ, ಬೆವರೇಜಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಮರದಿಂದ ಮರಕ್ಕೆ, ಸಾಲು ಹಿಡಿದು, ನೂರಾ ಅರವತ್ತು ಮೀಟರ್ ತಂತಿ ಎಳೆದೆ. ತುದಿಯಲ್ಲಿ 470 ಓಮ್ ಕಾರ್ಬನ್ ರೆಸಿಸ್ಟರ್, ಜಿಐ ಪೈಪಿನ ಅರ್ತ್, ಇದ್ದಿಲು ಉಪ್ಪು ಎಲ್ಲ ಹಾಕಿ. ಈ ತುದಿಯಲ್ಲಿ ಒಂಬತ್ತಕ್ಕೆ ಒಂದು ಟ್ರಾನ್ಸ್‌ಫಾರ್ಮರ್. ಮೊದಲ ವಾರವೇ ಕೊನೆಗಾರ ತಂತಿ ಕತ್ತರಿಸಿದ, ಗೊತ್ತಿಲ್ಲದೆ. ಆಮೇಲೆ ಅಳಿಲು ಕಡಿದವು. ಇಷ್ಟೆಲ್ಲ ಆಗಿ, ಜನವರಿಯ ಒಂದು ಬೆಳಗಿನ ಜಾವ ಹಾಕಿದೆ ನೋಡಿ, ಯುರೋಪಿನ ದನಿಗಳು ಬಾವಿಯ ನೀರಿನಷ್ಟು ತಿಳಿ! ಕುಣಿದಾಡಿಬಿಟ್ಟೆ.

ಅಂದು ಸಂಜೆ ಮೇಷ್ಟ್ರನ್ನ ಕರೆದೆ. ಮೊದಲಿಗಿಂತ ಕಷ್ಟ.

ಯಾಕೆ ಅಂತ ತಿಳಿಯೋಕೆ ನನಗೆ ಒಂದು ತಿಂಗಳು ಬೇಕಾಯ್ತು. ಉತ್ತರ ಬಹಳ ಸರಳ. ಐವತ್ತು ಕಿಲೋಮೀಟರ್ ದೂರ, ನಡುವೆ ಘಟ್ಟ. ಮೇಷ್ಟ್ರ ಅಲೆ ನೆಲ ಹಿಡಿದು ಬರೋಕೆ ಸಾಧ್ಯ ಇಲ್ಲ. ಅದು ನೆಟ್ಟಗೆ ಆಕಾಶಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು, ಕಾರಂಜಿಯ ಹಾಗೆ ನೆತ್ತಿಯ ಮೇಲಿಂದ ಬೀಳುತ್ತೆ. ಬೆವರೇಜ್ ಕೇಳೋದು ದಿಗಂತದ ಕಡೆ. ನನ್ನ ಮುಖ್ಯ ಆಂಟೆನಾ ಏನಿತ್ತು? ಹಲಸಿನ ಮರದ ತುದಿಯಿಂದ ನೆಟ್ಟಗೆ ಇಳಿಬಿಟ್ಟ ಲಂಬ ತಂತಿ, ದೂರದ ದೇಶ ಸಿಗಲಿ ಅಂತ. ಅದೂ ದಿಗಂತದ ಕಡೆಯೇ. ದಿಗಂತದ ಕಡೆಯಿಂದ ಏನು ಬರುತ್ತೆ? ಇಡೀ ದಕ್ಷಿಣ ಏಷ್ಯಾದ ಸಿಡಿಲು. ಅಂದ್ರೆ ನಾನು ಆಯ್ದುಕೊಂಡು ಎರಡು ಆಂಟೆನಾ ಹಾಕಿದ್ದೆ, ಎರಡೂ ಸಿಡಿಲಿಗೆ ಕಿವಿ, ಮೇಷ್ಟ್ರಿಗೆ ಕಿವುಡು. ಹೈದರಾಬಾದಿನವರಿಗೆ ಅವತ್ತು ಕೇಳಿಸಿದ್ದು ಅವರ ಊರಿನ ಆಸುಪಾಸಿನಲ್ಲಿ ಗುಡುಗು ಇರಲಿಲ್ಲ ಅಂತ, ಅದರ ಜೊತೆಗೆ ಅವರದ್ದು ಮನೆ ಮೇಲಿನ ಸಾದಾ ಅಡ್ಡ ತಂತಿ.

ಪರಿಹಾರ ನಾಚಿಕೆ ಆಗುವಷ್ಟು ಸುಲಭ. ನಲವತ್ತು ಮೀಟರ್ ತಂತಿ, ನಡುವೆ ಕತ್ತರಿಸಿ, ಇಪ್ಪತ್ತು ಈ ಕಡೆ ಇಪ್ಪತ್ತು ಆ ಕಡೆ, ಅಂಗಳದ ಅಂಚಿನಲ್ಲಿ ಮೂರು ಮೀಟರ್ ಎತ್ತರಕ್ಕೆ ಅಡ್ಡಲಾಗಿ ಕಟ್ಟಿದೆ. ಬಟ್ಟೆ ಒಣಗಿಸೋ ಹಗ್ಗ ಅಂದ್ಕೊಂಡು ನನ್ನ ಹೆಂಡತಿ ಎರಡು ದಿನ ಸೀರೆ ಹಾಕಿದಳು. ಇಷ್ಟು ತಗ್ಗಿನ ಅಡ್ಡ ತಂತಿ ನೆತ್ತಿಯ ಕಡೆಯನ್ನ ಕೇಳುತ್ತೆ, ದಿಗಂತದ ಕಡೆ ಅದಕ್ಕೆ ಬಹಳ ಕಡಿಮೆ ಕೇಳಿಸುತ್ತೆ. ಮೀಟರ್ ನೋಡಿದರೆ ಮೇಷ್ಟ್ರ ದನಿಯೂ ಸ್ವಲ್ಪ ಇಳಿದಿತ್ತು. ಆದರೆ ಗದ್ದಲ ಎಸ್9ರಿಂದ ಎಸ್4ಕ್ಕೆ ಬಿದ್ದಿತ್ತು. ಕಳಿಸೋಕೆ ಇದು ಒಳ್ಳೆ ಆಂಟೆನಾ ಅಲ್ಲ, ಅರ್ಧಕ್ಕರ್ಧ ಶಕ್ತಿ ಮಣ್ಣಿಗೇ ಹೋಗುತ್ತೆ. ಕೇಳೋಕೆ ಮಾತ್ರ. ಕಳಿಸೋದಕ್ಕೆ ಒಂದು ಆಂಟೆನಾ, ಕೇಳೋದಕ್ಕೆ ಇನ್ನೊಂದು ಅನ್ನೋದು ಲೋ ಬ್ಯಾಂಡಿನವರ ಹಳೇ ಜ್ಞಾನ. ನನಗೆ ಅದು ತಲೆಗೆ ಇಳಿದದ್ದು ಸೀರೆ ಒಣಗಿದ ಮೇಲೆ.

ಒಂದು ವಿಷಯ ಸ್ಪಷ್ಟ ಹೇಳಬೇಕು. ಇದೆಲ್ಲ ದೂರದ ಸಿಡಿಲಿಗೆ. ಮೋಡ ತಲೆ ಮೇಲೆ ಬಂದಾಗ ಯಾವ ಲೂಪೂ ಇಲ್ಲ, ಯಾವ ಡಯೋಡೂ ಇಲ್ಲ. ಗುಡುಗು ಕಿವಿಗೆ ಕೇಳಿಸಿದರೆ ಸಾಕು, ಪ್ಲಗ್ ಕಿತ್ತು, ಆಂಟೆನಾ ತಂತಿಯನ್ನ ಮನೆಯ ಹೊರಗೇ ಅರ್ತ್‌ಗೆ ಹಾಕಿ, ಎದ್ದು ದೂರ ಹೋಗಿ. ನಮ್ಮ ಬೆವರೇಜಿನ ತುದಿಯ ರೆಸಿಸ್ಟರ್ ಎರಡು ಸಲ ಕರಕಲಾಗಿದೆ, ಹತ್ತಿರದಲ್ಲಿ ಸಿಡಿಲು ಬಿದ್ದು. ಅದು ನಿಮ್ಮ ಕೈ ಆಗಬಾರದು. ತುರ್ತು ಸಂದೇಶವೇ ಇದ್ದರೂ ಸರಿ, ಕಾಯಿರಿ, ಇಲ್ಲ ಬೇರೆ ಊರಿನವರಿಗೆ ಬಿಡಿ.

ಬೇರೆ ಊರಿನವರು ಅಂದಾಗ ಇನ್ನೊಂದು ನೆನಪಾಯ್ತು. ಸಿಡಿಲಿನ ವಿರುದ್ಧ ಅತ್ಯುತ್ತಮ ಉಪಾಯ ತಂತಿಯದ್ದಲ್ಲ. ನನ್ನ ತಲೆ ಮೇಲಿನ ಗುಡುಗು ಹೈದರಾಬಾದಿನವರ ತಲೆ ಮೇಲೆ ಇರಲ್ಲ. ಅದಕ್ಕೇ ನಮ್ಮಲ್ಲಿ ಮೌನವಾಗಿ ಕೇಳ್ತಾ ಕೂರೋರಿಗೆ ಬಹಳ ಬೆಲೆ. ಹಾಗೇ ಮೋರ್ಸ್‌ನಲ್ಲಿ ಹಳೇ ಸಂಕೇತಗಳಿವೆ. ಕ್ಯೂಆರ್‌ಎನ್ ಅಂದ್ರೆ ಸಿಡಿಲಿನ ಸದ್ದು ಕಾಡ್ತಿದೆ. ಕ್ಯೂಎಸ್‌ಝಡ್ ಅಂದ್ರೆ ಪ್ರತಿ ಪದವನ್ನ ಎರಡೆರಡು ಸಲ ಕಳಿಸಿ. ಎಲ್ಲ ಮುಗಿಸಿ 'ಮತ್ತೆ ಹೇಳಿ' ಅನ್ನೋ ಬದಲು, ಮೊದಲೇ ಎರಡೆರಡು ಸಲ, ನಿಧಾನಕ್ಕೆ. ಒಂದನ್ನ ಸಿಡಿಲು ತಿಂದರೂ ಇನ್ನೊಂದು ಉಳಿಯುತ್ತೆ. ಅವತ್ತು ನಾನು ಗಾಬರಿಯಲ್ಲಿ ಇದನ್ನ ಕೇಳಲೇ ಇಲ್ಲ. ಈಗಿನ ಎಫ್‌ಟಿ8 ಥರದ ಕಂಪ್ಯೂಟರ್ ವಿಧಾನಗಳು ಒಳಗಡೆ ಮಾಡೋದೂ ಹೆಚ್ಚುಕಮ್ಮಿ ಇದನ್ನೇ, ಒಂದೇ ಮಾಹಿತಿಯನ್ನ ಹರಡಿ ಹರಡಿ ಇಡೋದು. ಅವು ನಮ್ಮ ಕಿವಿಗಿಂತ ಚೆನ್ನಾಗಿ ಗದ್ದಲದೊಳಗೆ ಹುಡುಕ್ತವೆ, ಒಪ್ತೀನಿ. ಆದರೆ ಅದರಲ್ಲಿ 'ಮಗನಿಗೆ ಹೇಳು' ಅಂತ ಬಿಡಿಸಿ ಹೇಳೋಕೆ ಜಾಗ ಇಲ್ಲ. ಒಂದು ಸಲಕ್ಕೆ ಹದಿಮೂರು ಅಕ್ಷರ.

ಕಳೆದ ವರ್ಷ ಕೃತ್ತಿಕೆ ಮಳೆಯ ಒಂದು ಸಂಜೆ, ದೂರದಲ್ಲಿ ಮಿಂಚು ಕಾಣ್ತಿತ್ತು, ಗುಡುಗು ಕೇಳಿಸ್ತಿರಲಿಲ್ಲ. ಎಜಿಸಿ ಆಫ್, ಗೇನ್ ಅರ್ಧ, ಡಯೋಡು, ಅಂಗಳದ ತಂತಿ. ಅದೇ ಸಂಜೆಯ ತುಣುಕು ಇದು.

(ಮೋರ್ಸ್ ಸಂಕೇತ, ಹಿನ್ನೆಲೆಯಲ್ಲಿ ಸಣ್ಣಗೆ ಚಟಚಟ, 20 ಸೆಕೆಂಡು)

ಈಗ ಸಿಕ್ಕಿತು ಅಲ್ವಾ? ಮೋರ್ಸ್ ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. ತಮ್ಮೂರಲ್ಲಿ ಮಳೆ ಶುರುವಾಯ್ತು, ಬಾಳೆಕಾಯಿ ಹುಳಿ ಮಾಡಿದ್ದಾರೆ, ಆಂಟೆನಾ ಬಿಚ್ಚಿ ಊಟಕ್ಕೆ ಏಳ್ತೀನಿ ಅಂತ ಹೇಳ್ತಿದ್ದಾರೆ ಮೇಷ್ಟ್ರು. ಪ್ರತಿ ಪದ ಎರಡೆರಡು ಸಲ.